ಝೆಜಿಯಾಂಗ್‌ನಿಂದ ಮಾಲು ತರಿಸೋದು ಸರಿ, ಅಲ್ಲೇ ದುಡ್ಡು ಹಾಕೋದು?

ಸೂಜಿದಾರ:
ಆರೇಳು ವರ್ಷದಿಂದ ಗಾರ್ಮೆಂಟ್ಸ್‌ಗೆ ಬೇಕಾದ ಜಿಪ್ಪು, ಗುಂಡಿ, ಲೇಸು, ಇಲಾಸ್ಟಿಕ್ ತರಿಸೋ ವ್ಯಾಪಾರ ನಂದು. ಮುಕ್ಕಾಲು ಪಾಲು ಮಾಲು ಚೀನಾದ ಝೆಜಿಯಾಂಗ್ ಪ್ರಾಂತ್ಯದ್ದೇ, ಯಿವು ಮಾರ್ಕೆಟ್‌ನಲ್ಲಿ ಆರಿಸೋದು, ಆಮೇಲೆ ಹಡಗು ಹತ್ತಿಸೋದು. ಈಗ ಅಲ್ಲಿ ನನಗೆ ಮಾಲು ಕೊಡೋ ಮನುಷ್ಯ ಒಂದು ಮಾತು ಎತ್ತಿದಾನೆ, ಇಬ್ರೂ ಸೇರಿ ಅಲ್ಲೇ ಒಂದು ಕಂಪನಿ ಮಾಡೋಣ, ಸಣ್ಣದಾಗಿ ಜಿಪ್ಪು ಜೋಡಿಸಿ ಪ್ಯಾಕ್ ಮಾಡೋ ಯೂನಿಟ್ಟು ಹಾಕೋಣ, ದುಡ್ಡಲ್ಲಿ ನಿನ್ನ ಪಾಲು ಇಷ್ಟು ಅಂತ. ಮನೇಲಿ ಒಬ್ರು "ಚೀನಾ ಮುಗೀತು, ಎಲ್ಲಾ ವಿಯೆಟ್ನಾಂಗೆ ಓಡ್ತಿದಾರೆ" ಅಂತಾರೆ, ಇನ್ನೊಬ್ರು "ಅಲ್ಲಿ ಹಾಕಿದ ದುಡ್ಡು ಸಮುದ್ರಕ್ಕೆ ಹಾಕಿದ ಹಾಗೆ" ಅಂತಾರೆ. ಎರಡೂ ವಾಟ್ಸಾಪ್ ಜ್ಞಾನ. ಓಡಾಡಿದೋರು, ಲೆಕ್ಕ ಗೊತ್ತಿರೋರು ಹೇಳಿ, ಆ ಪ್ರಾಂತ್ಯ ನಮ್ಮಂಥ ಸಣ್ಣೋರು ಹೋಗಿ ಬಂಡವಾಳ ಹಾಕೋಕೆ ನಿಜವಾಗ್ಲೂ ಚೆನ್ನಾಗಿದೆಯಾ?

ಬೀಟ್‌ರೂಟ್:
ಯಿವು ಬಂದರು ಯೂಟ್ಯೂಬಲ್ಲಿ ನೋಡಿದೀನಿ ಗುರು, ಭಯಂಕರ. ಕಣ್ಮುಚ್ಕೊಂಡು ಹಾಕು.

ಕಡಲಕಾಗೆ:
ಯಿವುನಲ್ಲಿ ಬಂದರು ಎಲ್ಲುಂಟು ಮಾರಾಯ್ರೆ? ಅದು ಒಳನಾಡಿನ ಊರು, ಸುತ್ತ ಗುಡ್ಡ. ಹಡಗು ಹತ್ತುದು ನಿಂಗ್ಬೊದಲ್ಲಿ, ಲಾರಿಯಲ್ಲಿ ಕೆಲವು ಗಂಟೆ ದಾರಿ. ನಾನು ಬೇರೆಯವರ ಸರಕು ಹಡಗಿಗೆ ಹತ್ತಿಸಿ ಕಳಿಸುವ ಫ್ರೈಟ್ ಫಾರ್ವರ್ಡಿಂಗ್‌ನಲ್ಲಿ ಇರುವವ, ಹಾಗಾಗಿ ಬಂದರಿನ ವಿಷಯ ಮಾತ್ರ ಹೇಳ್ತೇನೆ, ಉಳಿದದ್ದು ನನಗೆ ಗೊತ್ತಿಲ್ಲ.

ನಿಂಗ್ಬೊ ಮತ್ತು ಅದರ ಎದುರಿನ ಝೌಶಾನ್ ದ್ವೀಪಗಳ ಬಂದರನ್ನು 2006ರಲ್ಲಿ ಒಂದೇ ಹೆಸರಿಗೆ ತಂದ್ರು. ಈಗ ಟನ್ ಲೆಕ್ಕದಲ್ಲಿ ಪ್ರಪಂಚಕ್ಕೇ ದೊಡ್ಡ ಬಂದರು ಅದು, 2024ರಲ್ಲಿ 137 ಕೋಟಿ ಟನ್ ಸರಕು. ಕಂಟೇನರ್ ಲೆಕ್ಕ ತೆಗೊಂಡ್ರೆ ಶಾಂಘೈ, ಸಿಂಗಾಪುರ ಆದ ಮೇಲೆ ಮೂರನೇದು, ಅದೇ ವರ್ಷ 20 ಅಡಿ ಡಬ್ಬಿ ಲೆಕ್ಕದಲ್ಲಿ 3.9 ಕೋಟಿ. ನಮ್ಮ ಮುಂಬಯಿ ಹತ್ರದ ನವಾ ಶೇವಾ ಬಂದರು 70 ಲಕ್ಷ ದಾಟಿದ್ದೇ ನಮಗೆ ದೊಡ್ಡ ಸುದ್ದಿ ಆಗಿತ್ತು. ಇದಕ್ಕೆ ಕಾರಣ ಬರೀ ಕ್ರೇನು ಅಲ್ಲ. ದ್ವೀಪಗಳು ಅಡ್ಡ ನಿಂತು ಅಲೆ ತಡೀತವೆ, ಒಳಗೆ ಸಹಜವಾಗಿಯೇ ಆಳ ಉಂಟು, 3 ಲಕ್ಷ ಟನ್ನಿನ ಹಡಗು ಸೀದಾ ಬಂದು ನಿಲ್ತದೆ. ಶಾಂಘೈ ನದಿ ಬಾಯಲ್ಲಿ ಇರುದು, ಹೂಳು ಜಾಸ್ತಿ, ಆಳ ಇಲ್ಲ, ಅದಕ್ಕೇ ಅವ್ರು ಸಮುದ್ರದ ಮಧ್ಯೆ ಯಾಂಗ್‌ಶಾನ್ ದ್ವೀಪದಲ್ಲಿ ಬಂದರು ಕಟ್ಟಿ 30 ಕಿಲೋಮೀಟರ್ ದಾಟಿದ ಸೇತುವೆ ಹಾಕಬೇಕಾಯ್ತು. ತಮಾಷೆ ಎಂತ ಅಂದ್ರೆ ನಕಾಶೆ ನೋಡಿದ್ರೆ ಆ ದ್ವೀಪವೂ ಝೆಜಿಯಾಂಗ್‌ನದ್ದೇ!

ಬಂದರು ಹತ್ತಿರ ಇರುದರ ಬೆಲೆ ರೇಟಿನಲ್ಲಿ ಕಾಣ್ತದೆ. ಹಡಗು ಜಾಸ್ತಿ ಇದ್ರೆ ಒಂದು ತಪ್ಪಿದ್ರೆ ಇನ್ನೊಂದು ಸಿಗ್ತದೆ. ಆದ್ರೆ ಪೂರಾ ನಂಬಿ ಕೂರ್ಬೇಡಿ, 2021ರ ಆಗಸ್ಟ್‌ನಲ್ಲಿ ಒಬ್ಬ ಕೆಲಸದವನಿಗೆ ಕೋವಿಡ್ ಬಂತು ಅಂತ ಮೇಶಾನ್ ಟರ್ಮಿನಲ್ಲನ್ನೇ ಎರಡು ವಾರ ಮುಚ್ಚಿದ್ರು, ಆ ಬಂದರಿನ ಕಂಟೇನರ್‌ಗಳಲ್ಲಿ ಸುಮಾರು ಕಾಲು ಭಾಗ ಹೋಗುದು ಅಲ್ಲಿಂದ. ನನ್ನ ಪಾರ್ಟಿಗಳದ್ದು ಎಂಟು ಡಬ್ಬಿ ಅಲ್ಲಿ ಸಿಕ್ಕಿಬಿದ್ದಿತ್ತು, ಆ ಎರಡು ವಾರ ನನ್ನ ಫೋನು ಬಿಸಿಯೇ. ಮತ್ತೆ ಮಳೆಗಾಲ ಮುಗಿಯುವ ತನಕ ಟೈಫೂನ್ ಬೇರೆ.

ಬೀಟ್‌ರೂಟ್:
ಸಾರಿ ಅಣ್ಣ, ಮಾರ್ಕೆಟ್ ಅಂತ ಹೇಳೋಕೆ ಹೋಗಿ ಬಂದರು ಅಂದೆ 😅

ಗೋಡೌನ್ ಗುಂಡ:
ನಾನು ಯಿವುಗೆ ನಾಲ್ಕು ಸಲ ಹೋಗಿದೀನಿ. ಮೊದಲನೇ ಸಲ ಹೋದಾಗ ಒಂದೇ ದಿನದಲ್ಲಿ ಮಾರ್ಕೆಟ್ ಸುತ್ತಿ ಮುಗಿಸ್ತೀನಿ ಅಂತ ಅಂದ್ಕೊಂಡಿದ್ದೆ ಪೆದ್ದನ ಥರ. ಅಲ್ಲಿ 75 ಸಾವಿರ ಅಂಗಡಿ ಇದಾವೆ ಕಣ್ರಪ್ಪ. ಒಂದು ಅಂಗಡಿಗೆ ಮೂರೇ ನಿಮಿಷ, ದಿನಕ್ಕೆ ಎಂಟು ಗಂಟೆ ಅಂತ ಹಾಕಿದ್ರೂ ಒಂದೂಕಾಲು ವರ್ಷ ಬೇಕು. ಒಂದು ಮಹಡಿ ಪೂರ್ತಿ ಬರೀ ಕೂದಲ ಕ್ಲಿಪ್ಪು, ಅದೇ ಸಾಲಲ್ಲಿ ಒಬ್ಬ ಅರಬ್ಬಿ, ಒಬ್ಬ ಆಫ್ರಿಕಾದೋನು, ಒಬ್ಬ ನಮ್ಮ ಗುಜರಾತಿ, ಎಲ್ರೂ ಕ್ಯಾಲ್ಕುಲೇಟರ್ ತೋರಿಸ್ಕೊಂಡೇ ಚೌಕಾಸಿ, ಭಾಷೆನೇ ಬೇಡ.

ಆದ್ರೆ ಈ ಊರು ಹೆಂಗೆ ಹುಟ್ತು ಅನ್ನೋದು ತಿಳ್ಕೊಂಡ್ರೆ ಸೂಜಿದಾರ ಅವರ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ. ಅಲ್ಲಿ ಜಮೀನು ಕಮ್ಮಿ, ಇರೋದೂ ಕೆಂಪು ಮಣ್ಣು, ಬೆಳೆ ಕೈಗೆ ಹತ್ತಲ್ಲ. ಹಂಗಾಗಿ ರೈತರು ಚಳಿಗಾಲದಲ್ಲಿ ಹೆಗಲ ಮೇಲೆ ಕಾವಡಿ ಹೊತ್ಕೊಂಡು ಗಿಲಕಿ ಆಡಿಸ್ಕೊಂಡು ಊರೂರು ತಿರುಗಿ ಬೆಲ್ಲದ ಮಿಠಾಯಿ ಕೊಟ್ಟು ಕೋಳಿ ಪುಕ್ಕ ತಗೊಳ್ಳೋರು, ಒಳ್ಳೇ ಪುಕ್ಕ ಪೊರಕೆಗೆ, ಉಳಿದದ್ದು ಗದ್ದೆಗೆ ಗೊಬ್ಬರ. ನಮ್ ಕಡೆ ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡ್ತಿದ್ರಲ್ಲ ಅದೇ ಥರ. ಮಾವೋ ಕಾಲದಲ್ಲಿ ಇದು ಅಪರಾಧ. 1982ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಾರ್ಟಿ ಕಾರ್ಯದರ್ಶಿ ಶಿಯೆ ಗಾವೊಹುವಾ ಅನ್ನೋರು ತಮ್ಮ ತಲೆ ಮೇಲೆ ಹಾಕ್ಕೊಂಡು, ರೈತರು ವ್ಯಾಪಾರ ಮಾಡ್ಬಹುದು ಅಂತ ಸಂತೆ ತೆರೆದ್ರು. ರಸ್ತೆ ಬದಿ ಹಲಗೆ ಹಾಕಿ ಶುರುವಾದ ಸಂತೆ ಇವತ್ತು ಈ ಸೈಜಿಗೆ ಬಂದಿರೋದು. ಅಂದ್ರೆ ಆ ಊರಿನ ಆಸ್ತಿ ಕಟ್ಟಡ ಅಲ್ಲ, ತಲೆಮಾರಿಂದ ವ್ಯಾಪಾರ ಮಾಡಿರೋ ಜನ. ಅವರ ಮಧ್ಯೆ ನಾವು ಹೋಗಿ ಯೂನಿಟ್ ಹಾಕ್ತೀವಿ ಅಂದ್ರೆ ಸ್ವಲ್ಪ ಯೋಚ್ನೆ ಮಾಡ್ಬೇಕು.

ನೇರಳೆಹಣ್ಣು:
ಕಥೆ ಚೆನ್ನಾಗಿದೆ ಆದ್ರೆ ಒಪ್ಪಲ್ಲ ನಾನು. ಚೀನಾದಲ್ಲಿ ಏನಿದ್ರೂ ಸರ್ಕಾರ ಮಾಡಿದ್ದು, ರಸ್ತೆ ಬಂದರು ರೈಲು ಬ್ಯಾಂಕು ಎಲ್ಲಾ ಅವರದ್ದೇ, ಜನ ಏನೋ ಕಡಿದು ಕಟ್ಟೆ ಹಾಕಿದ್ರು ಅನ್ನೋದೆಲ್ಲ ಮಾರ್ಕೆಟಿಂಗು.

ಲೆಕ್ಕದ ಮೇಷ್ಟ್ರು:
ನೇರಳೆಹಣ್ಣು ಅವರೇ, ಬೇರೆ ಪ್ರಾಂತ್ಯಕ್ಕೆ ನಿಮ್ಮ ಮಾತು ಹೊಂದಬಹುದು, ಇದಕ್ಕೆ ಮಾತ್ರ ಕಷ್ಟ. ಝೆಜಿಯಾಂಗ್‌ನಲ್ಲಿ ಸುಮಾರು 70 ಪರ್ಸೆಂಟ್ ನೆಲ ಬೆಟ್ಟ, ಏಳು ಪಾಲು ಗುಡ್ಡ ಒಂದು ಪಾಲು ನೀರು ಎರಡು ಪಾಲು ಹೊಲ ಅಂತ ಅವರದ್ದೇ ಒಂದು ಮಾತಿದೆ. ಕಬ್ಬಿಣ, ಕಲ್ಲಿದ್ದಲು ಅಂತ ಹೇಳ್ಕೊಳ್ಳೋಕೆ ಏನೂ ಇಲ್ಲ. ಅದರಲ್ಲೂ ವೆನ್‌ಝೌ ಊರು ನೋಡಿ, ತೈವಾನ್ ಕಡೆ ಮುಖ ಮಾಡಿರೋ ಜಾಗ ಅಂತ ಬಹಳ ವರ್ಷ ಸರ್ಕಾರ ಅಲ್ಲಿ ದುಡ್ಡೇ ಸುರೀಲಿಲ್ಲ, ರೈಲು ಬಂದಿದ್ದೇ 1998ರಲ್ಲಿ. ಅಂಥ ಊರಲ್ಲಿ 1980ರಲ್ಲಿ ಝಾಂಗ್ ಹುವಾಮೇ ಅನ್ನೋ 19 ವರ್ಷದ ಹುಡುಗಿಗೆ ಚೀನಾದ ಮೊದಲ ಖಾಸಗಿ ವ್ಯಾಪಾರದ ಲೈಸೆನ್ಸ್ ಸಿಕ್ತು. ಆಕೆ ಮನೆ ಬಾಗಿಲಲ್ಲಿ ಮಾರ್ತಿದ್ದಿದ್ದು ಏನ್ ಗೊತ್ತಾ, ಗುಂಡಿ! ಸೂಜಿದಾರ ಅವರ ಐಟಮ್ಮೇ. ಇವತ್ತಿಗೂ ಆ ಪ್ರಾಂತ್ಯದ ಜಿಡಿಪಿಯಲ್ಲಿ ಮೂರನೇ ಎರಡು ಭಾಗ ಖಾಸಗಿಯವರದ್ದು. ಒಟ್ಟು ಜಿಡಿಪಿ 2024ರಲ್ಲಿ 9 ಲಕ್ಷ ಕೋಟಿ ಯುವಾನ್ ಮುಟ್ಟಿದೆ, ಗ್ವಾಂಗ್‌ಡಾಂಗ್, ಜಿಯಾಂಗ್ಸು, ಶಾಂಡಾಂಗ್ ಬಿಟ್ರೆ ಇದೇ, ಜನಸಂಖ್ಯೆ ಆರೂವರೆ ಕೋಟಿ ಆಸುಪಾಸು, ಅಂದ್ರೆ ಹೆಚ್ಚೂಕಮ್ಮಿ ನಮ್ಮ ಕರ್ನಾಟಕದಷ್ಟೇ.

ಸರ್ಕಾರ ಏನೂ ಮಾಡ್ಲಿಲ್ಲ ಅಂತಲ್ಲ. ಮೊದಲು ಕಣ್ಮುಚ್ಕೊಂಡು ಕೂತ್ರು, ಅದೂ ಒಂದು ಉಪಕಾರವೇ. ಆಮೇಲೆ ಬಂದರು, ಸೇತುವೆ, ಫಾಸ್ಟ್ ಟ್ರೈನು ಹಾಕಿದ್ರು. 2008ರಲ್ಲಿ ಹಾಂಗ್‌ಝೌ ಕೊಲ್ಲಿ ಮೇಲೆ 36 ಕಿಲೋಮೀಟರ್ ಸೇತುವೆ ಬಂದ ಮೇಲೆ ನಿಂಗ್ಬೊದಿಂದ ಶಾಂಘೈ ಕಡೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು ತಪ್ಪಿತು.

ನೇರಳೆಹಣ್ಣು:
ಸರಿ ಲೈಸೆನ್ಸ್ ಕಥೆ ಗೊತ್ತಿರ್ಲಿಲ್ಲ. ಆದ್ರೂ ಅಲಿಬಾಬಾ ಗತಿ ಏನಾಯ್ತು ನೋಡಿದ್ರಲ್ಲ, ಅದೂ ಅದೇ ಪ್ರಾಂತ್ಯದ ಹಾಂಗ್‌ಝೌದಲ್ಲೇ 1999ರಲ್ಲಿ ಅಪಾರ್ಟ್‌ಮೆಂಟಲ್ಲಿ ಹುಟ್ಟಿದ್ದು. 2020ರ ನವೆಂಬರ್‌ನಲ್ಲಿ ಅಲಿಬಾಬಾ ಬಳಗದ ಹಣಕಾಸು ಕಂಪನಿ ಆಂಟ್ ಗ್ರೂಪ್ ಷೇರು ಲಿಸ್ಟ್ ಆಗೋಕೆ ಎರಡೇ ದಿನ ಇದ್ದಾಗ ನಿಲ್ಲಿಸಿದ್ರು, ಮುಂದಿನ ಏಪ್ರಿಲ್‌ನಲ್ಲಿ ಅಲಿಬಾಬಾಗೆ 1,800 ಕೋಟಿ ಯುವಾನ್ ಮೇಲೆ ದಂಡ. ಅಲಿಬಾಬಾ ಕಟ್ಟಿದ ಜಾಕ್ ಮಾಗೇ ಹಂಗೆ ಅಂದ್ರೆ ಸೂಜಿದಾರನಿಗೆ ಹೆಂಗೆ?

ಗೋಡೌನ್ ಗುಂಡ:
ಸೂಜಿದಾರ ಜಿಪ್ಪು ಮಾರೋದು ಬಾಸ್, ಬ್ಯಾಂಕ್ ಮಾಡೋಕೆ ಹೊರಟಿಲ್ಲ. ಅವನ ಮೇಲೆ ಬೀಜಿಂಗ್ ಕಣ್ಣು ಬೀಳೋಷ್ಟು ದೊಡ್ಡೋನಾದ್ರೆ ನಾವೇ ಪಾರ್ಟಿ ಕೇಳೋಣ.

ಒಣಮೆಣಸಿನಕಾಯಿ:
ನಂದೂ ನಾಕ್ ಮಾತ್ ಅದಾವ್ರಿ. ನಾ ಪಂಪ್‌ಸೆಟ್ಟಿನ ಧಂದೆದಾಗ ಇರಾಂವ, ತೈಝೌ ಕಡೆ ವೆನ್‌ಲಿಂಗ್ ಅಂತ ಊರೈತಿ, ಅಲ್ಲಿ ಎಲ್ಲಿ ನೋಡಿದ್ರೂ ಪಂಪೇ ಪಂಪು. ಎರಕ ಹೊಯ್ಯಾಂವ ಒಬ್ಬ, ಮೋಟಾರ್ ಸುತ್ತಾಂವ ಒಬ್ಬ, ಸೀಲ್ ಮಾಡಾಂವ ಒಬ್ಬ, ಡಬ್ಬಿ ಪ್ರಿಂಟ್ ಹೊಡ್ಯಾಂವ ಮತ್ತೊಬ್ಬ, ಎಲ್ಲಾರೂ ಒಂದ್ ಸೈಕಲ್ ತುಳಿಯೋ ಅಂತರದಾಗ. ನಾ ಒಂದ್ ಸಲ ಪಂಪಿನೊಳಗ ನೀರು ತಳ್ಳೋ ಚಕ್ರ, ಇಂಪೆಲ್ಲರ್, ಅದರ ಅಳತಿ ಬದಲ ಮಾಡ್ರಿ ಅಂತ ಮುಂಜಾನೆ ಹೇಳಿದ್ರ ಸಂಜಿಗೆ ಸ್ಯಾಂಪಲ್ ಟೇಬಲ್ ಮ್ಯಾಲ ಇತ್ತು. ನಮ್ಮ ಕಡೆ ಅದಕ್ಕ ಮೂರು ವಾರ, ಅದೂ ಫೋನ್ ಎತ್ತಿದ್ರ.

ಹಿಂಗ ಇಡೀ ಪ್ರಾಂತ್ಯನ ಹಂಚ್ಕೊಂಡಾರ ನೋಡ್ರಿ. ಕೆಚಿಯಾವೊದಾಗ ಬಟ್ಟಿ, ಝೂಜಿ ಹತ್ರ ದಾತಾಂಗ್‌ದಾಗ ಕಾಲುಚೀಲ, ಯೊಂಗ್‌ಕಾಂಗ್‌ದಾಗ ಥರ್ಮಾಸು ಕಬ್ಬಿಣ ಸಾಮಾನು, ಹೈನಿಂಗ್‌ದಾಗ ತೊಗಲು, ಶೆಂಗ್‌ಝೌದಾಗ ಟೈ, ಚಿಶಿದಾಗ ಮಿಕ್ಸರ್ ಇಸ್ತ್ರಿಪೆಟ್ಟಿಗಿ, ಯುಯೆಚಿಂಗ್‌ದಾಗ ಸ್ವಿಚ್ ಎಂಸಿಬಿ. ಒಂದೊಂದ್ ಊರಿಗೆ ಒಂದೊಂದ್ ಕಸುಬು. ತೈಝೌದವನ ಆದ ಗೀಲಿ ಕಾರ್ ಕಂಪನಿ ಕಟ್ಟಿದ ಲಿ ಶೂಫು 2010ರಾಗ ಫೋರ್ಡ್ ಕಡೆಯಿಂದ ವೋಲ್ವೋ ಕಾರ್ ಕಂಪನಿನ ತಗೊಂಡ, ಮೊದಲ ಫ್ರಿಡ್ಜಿನ ಸಾಮಾನು ಮಾಡ್ತಿದ್ದ ಮನಷ್ಯಾ ಅಂವ.

ಈಗ ಲೆಕ್ಕಾ ಹಾಕ್ರಿ, ಇಂಥಾ ಜಾಗದಾಗ ತರಿಸ್ಕೊಳ್ಳಾಕ ಅನುಕೂಲ ಐತಿ ಅಂದ್ರ ಅದೇ ಕಾರಣಕ್ಕ ಅಲ್ಲಿ ಮಾಡಿ ಮಾರೂದು ನಮಗ ಕಷ್ಟ. ಬಾಜೂ ಮನ್ಯಾಂವ ಅದನ್ನ ಎರಡು ಪೈಸೆ ಲಾಭಕ್ಕ ಮಾಡ್ತಾನ, ಅವನ ಹೇಣ್ತಿ ಲೆಕ್ಕಾ ಬರೀತಾಳ, ಮಗಾ ಆನ್‌ಲೈನ್ ಮಾರ್ತಾನ. ನೀವು ಪಗಾರ ಕೊಟ್ಟು ಮಾಡಿಸೋರು, ಅವನ ಮುಂದ ಹೆಂಗ ನಿಲ್ತೀರಿ?

ಸೂಜಿದಾರ:
ಮೆಣಸಿನಕಾಯಿ ಅಣ್ಣ, ಈ ಮಾತು ನಾಟ್ತು. ಆದ್ರೆ ಅವನು ಹೇಳೋದು ಜಾಗ ಸಿಗುತ್ತೆ, ಸರ್ಕಾರದ ರಿಯಾಯ್ತಿ ಇದೆ, ವಿದೇಶಿ ಪಾಲುದಾರ ಇದ್ರೆ ಇನ್ನೂ ಸುಲಭ ಅಂತ. ಕೂಲಿ ಎಷ್ಟು, ತೆರಿಗೆ ಎಷ್ಟು ಅಂತ ಯಾರಾದ್ರೂ ಹೇಳ್ತೀರಾ?

ಲೆಕ್ಕದ ಮೇಷ್ಟ್ರು:
ಹೇಳ್ತೀನಿ, ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಕಂಪನಿ ತೆರೆಯೋದು ಈಗ ಕಷ್ಟ ಇಲ್ಲ. 2020ರ ಜನವರಿಯಿಂದ ಹೊಸ ವಿದೇಶಿ ಹೂಡಿಕೆ ಕಾಯ್ದೆ ಇದೆ, ಮೊದಲು ಚೀನಾದ ಒಬ್ಬ ಸಾಮಾನ್ಯ ವ್ಯಕ್ತಿ ವಿದೇಶಿಯವರ ಜೊತೆ ನೇರವಾಗಿ ಜಂಟಿ ಕಂಪನಿ ಮಾಡೋ ಹಾಗಿರ್ಲಿಲ್ಲ, ಈಗ ಮಾಡಬಹುದು. 2024ರ ನವೆಂಬರ್‌ನಿಂದ ಉತ್ಪಾದನಾ ಕ್ಷೇತ್ರದಲ್ಲಿ ವಿದೇಶಿಯರಿಗೆ ಇದ್ದ ಕೊನೇ ನಿರ್ಬಂಧಗಳನ್ನೂ ತೆಗೆದಿದಾರೆ. ಝೆಜಿಯಾಂಗ್‌ನವರು 2016ರ ಕೊನೆಯಿಂದ, ಕಚೇರಿಗೆ ಹೆಚ್ಚಂದ್ರೆ ಒಂದೇ ಸಲ ಓಡಾಟ ಅನ್ನೋ ನಿಯಮ ಹಿಡ್ಕೊಂಡು ಕಾಗದಪತ್ರ ಎಲ್ಲಾ ಆನ್‌ಲೈನ್ ಮಾಡಿದಾರೆ. ಲಾಭದ ತೆರಿಗೆ 25 ಪರ್ಸೆಂಟ್, ಆದ್ರೆ ಸಣ್ಣ ಕಂಪನಿಗೆ 30 ಲಕ್ಷ ಯುವಾನ್ ಲಾಭದವರೆಗೆ ಬೀಳೋದು 5 ಪರ್ಸೆಂಟ್ ಮಾತ್ರ, ಇದು 2027ರ ಕೊನೆವರೆಗೆ. ಇಷ್ಟು ಸಿಹಿ ಸುದ್ದಿ.

ಇನ್ನು ಕಹಿ. 2024ರ ಜುಲೈನಿಂದ ಕಂಪನಿ ಕಾಯ್ದೆ ಬದಲಾಗಿದೆ, ಕಾಗದದ ಮೇಲೆ ಎಷ್ಟು ಬಂಡವಾಳ ಅಂತ ಬರೀತೀರೋ ಅಷ್ಟನ್ನೂ ಐದು ವರ್ಷದೊಳಗೆ ನಿಜವಾಗ್ಲೂ ಹಾಕಲೇಬೇಕು, ಜಂಬಕ್ಕೆ ದೊಡ್ಡ ನಂಬರ್ ಬರೆಯೋ ಕಾಲ ಹೋಯ್ತು. ಲಾಭ ಬಂದ್ರೆ ತೆರಿಗೆ ಕಟ್ಟಿದ ಮೇಲೆ ಅದರಲ್ಲಿ 10 ಪರ್ಸೆಂಟ್ ಮೀಸಲು ನಿಧಿಗೆ ಎತ್ತಿಡಬೇಕು, ಬಂಡವಾಳದ ಅರ್ಧ ಆಗೋವರೆಗೆ. ಮಿಕ್ಕಿದ್ದನ್ನ ಇಲ್ಲಿಯ ನಿಮ್ಮ ಕಂಪನಿಗೆ ತರೋವಾಗ ಇನ್ನೊಂದು 10 ಪರ್ಸೆಂಟ್ ಅಲ್ಲೇ ಹಿಡ್ಕೊಳ್ತಾರೆ. ಇಲ್ಲಿಂದ ದುಡ್ಡು ಕಳಿಸೋದಕ್ಕೂ ರಿಸರ್ವ್ ಬ್ಯಾಂಕ್ ನಿಯಮ ಇದೆ, ಸ್ವಂತ ಹೆಸರಲ್ಲಿ ಆದ್ರೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ, ಬ್ಯಾಂಕ್ ಮೂಲಕವೇ ಫಾರ್ಮ್ ತುಂಬಿ ಕಳಿಸ್ಬೇಕು. ಮಾಲಿನ ಬಿಲ್ಲಲ್ಲಿ ಸೇರಿಸಿ ಕಳಿಸ್ತೀನಿ ಅನ್ನೋ ಐಡಿಯಾ ಯಾರಾದ್ರೂ ಕೊಟ್ರೆ ಅವರ ನಂಬರ್ ಬ್ಲಾಕ್ ಮಾಡಿ.

ಕೂಲಿ ಅಗ್ಗ ಅನ್ನೋದು ಹಳೇ ಮಾತು. ಕನಿಷ್ಠ ವೇತನವೇ 2024ರ ಜನವರಿಯಲ್ಲಿ ಮೇಲಿನ ದರ್ಜೆಗೆ ತಿಂಗಳಿಗೆ 2,490 ಯುವಾನ್ ಆಯ್ತು, ಫ್ಯಾಕ್ಟರಿ ಹುಡುಗ ಅಷ್ಟಕ್ಕೆಲ್ಲ ಬರಲ್ಲ, ಅದರ ಎರಡರಷ್ಟಾದ್ರೂ ಕೊಡ್ಬೇಕು, ಮೇಲೆ ಸಾಮಾಜಿಕ ವಿಮೆ ನಿಮ್ಮ ತಲೆ ಮೇಲೆ.

ಒಣಮೆಣಸಿನಕಾಯಿ:
ಮೇಷ್ಟ್ರ, ಜಾಗದ್ದು ಬಿಟ್ರಿ. ಅಲ್ಲಿ ಮೂ ಅಂತ ಅಳತಿ ಐತಿ, ಒಂದ್ ಮೂ ಅಂದ್ರ ನಮ್ಮ ಆರೂವರಿ ಗುಂಟೆ. ಫ್ಯಾಕ್ಟರಿಗೆ ಜಾಗ ಕೊಟ್ಟ ಮ್ಯಾಲ ಮೂಗೆ ಎಷ್ಟು ತೆರಗಿ ಕಟ್ಟಿದ್ರಿ, ಎಷ್ಟು ಕರೆಂಟ್ ಸುಟ್ಟು ಎಷ್ಟು ಉತ್ಪನ್ನಾ ತೆಗೆದ್ರಿ ಅಂತ ವರ್ಷಾ ಮಾರ್ಕ್ಸ್ ಹಾಕ್ತಾರ, ಸಾಲಿ ಹುಡುಗ್ರಿಗೆ ಹಾಕ್ದಂಗ ಎ ಬಿ ಸಿ ಡಿ. ಡಿ ಬಂದ್ರ ಕರೆಂಟ್ ರೇಟ್ ಜಾಸ್ತಿ, ಜಾಗದ ತೆರಗಿ ಜಾಸ್ತಿ, ಅಂದ್ರ ಹೊಂಟ್ ಹೋಗ್ರಿ ಅಂತ ಸಣ್ಣಗ ಹೇಳ್ದಂಗ. ಶಾವೊಶಿಂಗ್ ಕಡೆ ಶುರುವಾಗಿದ್ದು, 2018ರಿಂದ ಪ್ರಾಂತ್ಯ ಪೂರ್ತಿ. ಗುಡ್ಡದ ನಾಡು, ಸಪಾಟ ಜಾಗ ಬಂಗಾರ, ಅದಕ್ಕ. ಜಿಪ್ಪಿಗೆ ಚೀಲಾ ಹಾಕಿ ಸೀಲ್ ಹೊಡ್ಯೋ ಯೂನಿಟ್ಟಿಗೆ ಯಾವ ಗ್ರೇಡ್ ಬರ್ತೈತಿ ನೀವ ಹೇಳ್ರಿ.

ಮತ್ತ 2021ರ ಸಪ್ಟೆಂಬರ್‌ದಾಗ ಕರೆಂಟ್ ಕೋಟಾ ಮುಗೀತು ಅಂತ ಕೆಚಿಯಾವೊದಾಗ ಬಣ್ಣ ಹಾಕೋ ಫ್ಯಾಕ್ಟರಿಗಳನ್ನ ತಿಂಗಳ ಕೊನೀತನಕ ಬಂದ್ ಮಾಡ್ಸಿದ್ರು. ನಿಮ್ಮ ಲೇಸಿಗೆ ಬಣ್ಣ ಹತ್ತೂದು ಅಲ್ಲೇ ಇರಬೇಕು.

ಸೂಜಿದಾರ:
ಅಯ್ಯೋ, ಹೌದು! ಆ ವರ್ಷ ದಸರಾ ಮುಂಚೆ ಲೇಸು ಬರ್ದೇ ಪರದಾಡಿದ್ದೆ, ಅವನು ಬರೀ "ಪವರ್ ಪ್ರಾಬ್ಲಮ್" ಅಂತ ಕಳಿಸಿದ್ದ, ನಾನು ಸುಳ್ಳು ಹೇಳ್ತಿದಾನೆ ಅಂದ್ಕೊಂಡು ಬಾಯಿಗೆ ಬಂದಂಗೆ ಬೈದಿದ್ದೆ 🙈

ಹಿತ್ತಲಗಿಡ:
ಯಾರೂ ಹೇಳದ ವಿಷಯ ಒಂದು. 2011ರ ಕೊನೆ, 2012ರ ಶುರುವಲ್ಲಿ ಯಿವುನಲ್ಲಿ ಏನಾಯ್ತು ನೆನಪಿದೆಯಾ? ಒಂದು ಟ್ರೇಡಿಂಗ್ ಕಂಪನಿ ಓನರ್ ಬಾಕಿ ಕೊಡದೆ ಓಡಿಹೋದ, ಅಲ್ಲಿ ಕೆಲಸ ಮಾಡ್ತಿದ್ದ ಇಬ್ಬರು ಭಾರತೀಯರನ್ನ ಊರಿನ ವ್ಯಾಪಾರಿಗಳು ಕೂಡಿಹಾಕಿದ್ರು. ಗಲಾಟೆ ದೊಡ್ಡದಾಗಿ ನಮ್ಮ ರಾಯಭಾರ ಕಚೇರಿಯೇ ಯಿವು ಜೊತೆ ವ್ಯವಹಾರ ಬೇಡ ಅಂತ ಆಗ ಎಚ್ಚರಿಕೆ ಕೊಟ್ಟಿತ್ತು. ಈಗ ಕಾಲ ಬದಲಾಗಿದೆ, ಆ ಥರ ಆಗುತ್ತೆ ಅಂತ ಹೆದರಿಸ್ತಿಲ್ಲ. ಆದ್ರೆ ಕಾನೂನಲ್ಲೇ ಇದೆ, ಕೋರ್ಟಲ್ಲಿ ಹಣದ ಕೇಸು ಬಾಕಿ ಇದ್ರೆ ವಿದೇಶಿಯರನ್ನ ದೇಶ ಬಿಡದಂತೆ ತಡೀಬಹುದು. ಪಾಲುದಾರ ಸಾಲ ಮಾಡಿ ಕೂತು, ಕಾಗದದಲ್ಲಿ ಕಾನೂನು ಪ್ರತಿನಿಧಿ, ಅಂದ್ರೆ ಕಂಪನಿ ಪರವಾಗಿ ಜವಾಬ್ದಾರಿ ಹೊರೋ ವ್ಯಕ್ತಿ ಅಂತ ನಿಮ್ಮ ಹೆಸರಿದ್ರೆ ಏರ್‌ಪೋರ್ಟಲ್ಲಿ ನಿಲ್ಲೋದು ನೀವು. 2011ರಲ್ಲಿ ವೆನ್‌ಝೌದಲ್ಲಿ ಕೈಸಾಲದ ಬಲೆ ಹರಿದು ಫ್ಯಾಕ್ಟರಿ ಮಾಲೀಕರು ರಾತ್ರೋರಾತ್ರಿ ಪರಾರಿ ಆಗಿದ್ರು, ಪ್ರಧಾನಿ ವೆನ್ ಜಿಯಾಬಾವೊ ಅವರೇ ಬಂದು ನೋಡ್ಬೇಕಾಯ್ತು. ಪರಸ್ಪರ ನಂಬಿಕೆ ಮೇಲೆ ಓಡೋ ವ್ಯಾಪಾರ ಚೆನ್ನಾಗಿರೋವಾಗ ಬಹಳ ಚೆನ್ನಾಗಿರುತ್ತೆ. ಆ ನಂಬಿಕೆಯ ಬಳಗದಲ್ಲಿ ನೀವಿಲ್ಲ ಅನ್ನೋದು ಮರೀಬೇಡಿ.

ಇನ್ನೊಂದು, ಅಲ್ಲಿ ಸಹಿಗಿಂತ ಕಂಪನಿಯ ಸೀಲು ದೊಡ್ಡದು. ಕೆಂಪು ದುಂಡನೆ ಮೊಹರು. ಅದು ಯಾರ ಡ್ರಾಯರಲ್ಲಿ ಇದೆಯೋ ಕಂಪನಿ ಅವರದ್ದು ಅಂತಲೇ ಲೆಕ್ಕ. ನನ್ನ ಪರಿಚಯದವರೊಬ್ಬರು ಪಾಲು 60 ಪರ್ಸೆಂಟ್ ಇಟ್ಕೊಂಡು ಸೀಲು ಪಾಲುದಾರನ ಕೈಗೆ ಕೊಟ್ಟಿದ್ರು, ಎರಡು ವರ್ಷ ಆದ್ಮೇಲೆ ಬ್ಯಾಂಕ್ ಖಾತೆ ನೋಡೋಕೂ ಆಗದೆ ಬರಿಗೈಲಿ ಬಂದ್ರು.

ಬೀಟ್‌ರೂಟ್:
ಅಮ್ಮಾ! ಕಣ್ಮುಚ್ಕೊಂಡು ಹಾಕು ಅಂದಿದ್ದು ವಾಪಸ್ ತಗೊಂಡೆ.

ಗೋಡೌನ್ ಗುಂಡ:
ಎಲ್ಲಾ ಸೇರಿ ಹೆದರಿಸಿ ಓಡಿಸ್ಬೇಡ್ರಪ್ಪ. ಆ ಜಾಗ ಮುಗೀತು ಅನ್ನೋರಿಗೆ ನಾನು ಒಪ್ಪಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸುಂಕನ 145 ಪರ್ಸೆಂಟ್‌ಗೆ ಏರಿಸ್ದಾಗ ನನಗೆ ಮಾಲು ಕೊಡೋ ಹೆಂಗಸಿಗೆ ಫೋನ್ ಮಾಡಿ ಹೆಂಗಿದೀರಿ ಅಂದ್ರೆ, ಅಮೆರಿಕದೋರು ಬರ್ದಿದ್ರೆ ಬ್ರೆಜಿಲ್‌ನೋರು ಬರ್ತಾರೆ ಅಂತ ನಕ್ಕಳು. ಅವಳು ಅಷ್ಟರಲ್ಲಾಗ್ಲೇ ಪೋರ್ಚುಗೀಸ್ ಕಲೀತಾ ಇದ್ದಳು! ಹಾಂಗ್‌ಝೌ ಕಡೆ ಎಐ ಮಾಡೋ ಡೀಪ್‌ಸೀಕ್, ರೋಬೋ ಮಾಡೋ ಯೂನಿಟ್ರೀ ಎಲ್ಲಾ ಹುಟ್ಟಿರೋದು ಇತ್ತೀಚೆಗೆ, ಸಾಯ್ತಿರೋ ಜಾಗದಲ್ಲಿ ಇವೆಲ್ಲ ಹುಟ್ಟಲ್ಲ.

ನಾನು ಸೂಜಿದಾರ ಜಾಗದಲ್ಲಿದ್ರೆ ಫ್ಯಾಕ್ಟರಿಗೆ ಒಂದು ರೂಪಾಯಿ ಹಾಕಲ್ಲ. ಅಲ್ಲಿ ಮಾಡೋ ಕೈಗಳಿಗೆ ಬರ ಇಲ್ಲ, ನಮಗೆ ಬರ ಇರೋದು ನೋಡೋ ಕಣ್ಣಿಗೆ. ಯಿವುನಲ್ಲಿ ಎರಡು ರೂಮಿನ ಆಫೀಸು, ಇಬ್ರು ಹುಡುಗೀರು, ಜಿಪ್ಪು ಎಳೆದು ನೋಡಿ ಡಬ್ಬಿ ಮುಚ್ಚೋ ಮುಂಚೆ ಫೋಟೋ ಕಳಿಸೋಕೆ. ನನಗೆ ಲಾಸ್ ಆಗಿರೋದೆಲ್ಲ ಇಲ್ಲಿ ಡಬ್ಬಿ ಬಿಚ್ಚಿದ ಮೇಲೇನೇ, ಸ್ಯಾಂಪಲ್ ಒಂದು ಮಾಲು ಇನ್ನೊಂದು.

ಕಡಲಕಾಗೆ:
ಗುಂಡಣ್ಣ ಹೇಳಿದ್ದು ಸಮ. ಸಣ್ಣಸಣ್ಣ ಪಾರ್ಟಿಗಳ ಮಾಲು ಒಟ್ಟು ಸೇರಿಸಿ ಒಂದೇ ಡಬ್ಬಿಯಲ್ಲಿ ಕಳಿಸ್ಲಿಕ್ಕೆ ಯಿವುಗೆ ಬೇರೆಯೇ ರಫ್ತು ಪದ್ಧತಿ ಉಂಟು, 2013ರಿಂದ, ಐಟಂ ನೂರಿದ್ರೂ ಕಸ್ಟಮ್ಸ್ ಕೆಲಸ ಹಗುರ. ಅದರ ಲಾಭ ಆಫೀಸು ಇದ್ದವರಿಗೆ, ಫ್ಯಾಕ್ಟರಿ ಇದ್ದವರಿಗೆ ಅಲ್ಲ.

ನೇರಳೆಹಣ್ಣು:
ಇದಕ್ಕೆ ನಂದೂ ಓಟು. ನಾನು ಮೊದ್ಲಿಂದ ಅದನ್ನೇ ಹೇಳ್ತಿದ್ದೆ 😌

ಗೋಡೌನ್ ಗುಂಡ:
ಎಲ್ಲಿ ಹೇಳ್ದೆ ಮಾರಾಯ.

ಸೂಜಿದಾರ:
ಎಲ್ರಿಗೂ ಥ್ಯಾಂಕ್ಸ್, ಎರಡು ಸಲ ಓದ್ದೆ. ಯೂನಿಟ್ ವಿಚಾರ ಬಿಟ್ಟಿದೀನಿ, ನಿನ್ನೆ ರಾತ್ರಿ ಅವನಿಗೂ ಹೇಳ್ದೆ. ಅವನೇನೂ ಬೇಜಾರ್ ಮಾಡ್ಕೊಳ್ಳಲಿಲ್ಲ, ಹಂಗಾದ್ರೆ ಟ್ರೇಡಿಂಗ್ ಕಂಪನಿನೇ ಮಾಡೋಣ, ಎಲ್ಲಾ ಕಾಗದ ನಾನೇ ನೋಡ್ಕೋತೀನಿ, ನೀನು ಕಾನೂನು ಪ್ರತಿನಿಧಿ ಆಗು, ಗೌರವ ನಿನ್ನದು ಅಂದ. ಹಿತ್ತಲಗಿಡ ಅವರು ಹೇಳಿದ್ದು ತಲೇಲಿತ್ತು, ಸೀಲು ಯಾರ ಹತ್ರ ಇರುತ್ತೆ ಅಂತ ಕೇಳ್ದೆ. ವೀಚಾಟಲ್ಲಿ "ಟೈಪಿಂಗ್" ಅಂತ ಎರಡು ಸಲ ತೋರಿಸ್ತು, ಆಮೇಲೆ ನಿಂತೋಯ್ತು. ಬೆಳಿಗ್ಗೆ ಒಂದು ಹೂವಿನ ಚಿತ್ರ ಕಳಿಸಿ ಗುಡ್ ಮಾರ್ನಿಂಗ್ ಅಂದಿದಾನೆ, ಅಷ್ಟೇ.

ಗೋಡೌನ್ ಗುಂಡ:
ಅದಿರ್ಲಿ, ಆ 5 ನಂಬರ್ ನೈಲಾನ್ ಜಿಪ್ಪು ಯಾವ ರೇಟಿಗೆ ಕೊಡ್ತಾನೆ ಅವನು? ಇನ್‌ಬಾಕ್ಸ್ ಮಾಡು.